ಕೋವಿಗೆ ತೋಟಾಪೆಟ್ಟಿಗೆ ಕೊಟ್ಟ ಗಡಿಯಾರಗಾರ: ಜೇಮ್ಸ್ ಪ್ಯಾರಿಸ್ ಲೀ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯ ಹಳೆಯ ತಲೆಮಾರಿನವರಿಗೆ ಥ್ರೀ ನಾಟ್ ಥ್ರೀ ಎಂಬ ಹೆಸರು ಅಪರಿಚಿತವಲ್ಲ. ಇಂಗ್ಲಿಷಿನ ಗಂಧವೂ ಇಲ್ಲದ ಒಕ್ಕಲಿಗನು ಸಹ ಆ ಮೂರು ಅಂಕಿಗಳನ್ನು ತಡವರಿಸದೆ ಹೇಳಬಲ್ಲವನಾಗಿದ್ದನು. ಠಾಣೆಯ ಪೊಲೀಸನ ಹೆಗಲಲ್ಲಿ, ಖಜಾನೆಯ ಕಾವಲುಗಾರನ ಕೈಯಲ್ಲಿ, 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಸಂಸ್ಥಾನದೊಳಕ್ಕೆ ಬಂದ ಭಾರತೀಯ ಸೈನಿಕನ ಭುಜದ ಮೇಲೆ ಇದ್ದದ್ದು ಆ ಒಂದೇ ಬಂದೂಕು. ಅದರ ವಿಧಿವತ್ತಾದ ಹೆಸರು ಲೀ-ಎನ್‌ಫೀಲ್ಡ್. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಮಗ್ಗುಲಿನ ಊರು. ಬ್ರಿಟಿಷ್ ಸರಕಾರದ ಬಂದೂಕಿನ ಕಾರ್ಖಾನೆ ಅಲ್ಲಿತ್ತು. ಲೀ ಎಂಬುದು ಒಬ್ಬ ಮನುಷ್ಯನ ಹೆಸರು. ಊರನ್ನು ಕುರಿತು ಕೇಳಿದವರು ಹಲವರಿರಬಹುದು. ಮನುಷ್ಯನನ್ನು ಕುರಿತು ಕೇಳಿದವರು ವಿರಳ. ಲೋಕಪ್ರಸಿದ್ಧವಾದ ಹೆಸರಿನ ಹಿಂದೆ ಇಷ್ಟೊಂದು ಮರೆಯಾಗಿ ಉಳಿದ ಬಾಳು ಮತ್ತೊಂದು ಸಿಕ್ಕುವುದು ಕಷ್ಟ.

ಬಂದೂಕನ್ನು ಲೀ ಹುಟ್ಟಿಸಿದನೆಂದು ಹೇಳಿದರೆ ಅತಿಶಯೋಕ್ತಿಯಾದೀತು. ನಳಿಗೆಯೊಳಗಿನ ಸುರುಳಿಗೆರೆ ಇನ್ನೊಬ್ಬರದು, ತೋಟಾ ಮತ್ತೊಬ್ಬರದು, ಹೊಗೆಯಿಲ್ಲದ ಮದ್ದು ಮಗುದೊಬ್ಬರದು. ಅವನ ನಿಜವಾದ ಕಾಣಿಕೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ತಗಡಿನ ಪೆಟ್ಟಿಗೆ. ಮತ್ತು ಆ ಪೆಟ್ಟಿಗೆಯಿಂದ ತೋಟಾವನ್ನು ಮೇಲೆತ್ತಿ ನಳಿಗೆಯೊಳಕ್ಕೆ ನೂಕುವ ಅಗಣಿಯ ಏರ್ಪಾಡು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಎದುರಿಗೆ ಗಾಯಗೊಂಡ ಹುಲಿ ಬರುತ್ತಿರುವಾಗ ಎರಡನೆಯ ತೋಟಾ ನೆಟ್ಟಗೆ ಮೇಲೆ ಬರುವುದೋ ಅಡ್ಡಲಾಗಿ ಸಿಕ್ಕಿಕೊಳ್ಳುವುದೋ ಎಂಬುದಕ್ಕಿಂತ ದೊಡ್ಡ ಸಂಗತಿ ಆ ಕೋವಿಯವನಿಗೆ ಲೋಕದಲ್ಲಿ ಬೇರೊಂದಿಲ್ಲ.

ಜೇಮ್ಸ್ ಪ್ಯಾರಿಸ್ ಲೀ ಹುಟ್ಟಿದ್ದು ಸ್ಕಾಟ್ಲೆಂಡಿನ ಹಾವಿಕ್ ಎಂಬ ಊರಿನಲ್ಲಿ, 1831ರ ಆಗಸ್ಟ್ 9ರಂದು. ಹೆಸರಿನ ನಡುವಿನ ಪ್ಯಾರಿಸ್ ಫ್ರಾನ್ಸಿನ ರಾಜಧಾನಿಯಲ್ಲ. ಅವನ ತಾಯಿಯ ಮನೆತನದ ಹೆಸರು. ಮಗುವಿಗೆ ಐದು ವರ್ಷವಾಗುವ ಹೊತ್ತಿಗೆ ಸಂಸಾರವು ಕಡಲು ದಾಟಿ ಕೆನಡಾದ ಗಾಲ್ಟ್ ಎಂಬಲ್ಲಿ ನೆಲೆಸಿತು. ತಂದೆಯದು ಗಡಿಯಾರ ಮತ್ತು ಒಡವೆಯ ಕಸುಬು. ಸುತ್ತಲೂ ದಟ್ಟವಾದ ಕಾಡು, ಹಿಮ, ಹೊಸದಾಗಿ ಕಡಿದು ಮಾಡಿದ ಹೊಲಗಳು. ಮನೆಯೊಳಗೆ ಮಾತ್ರ ಕೂದಲೆಳೆಯಂಥ ಸ್ಪ್ರಿಂಗುಗಳ ಮತ್ತು ಹಲ್ಲುಚಕ್ರಗಳ ಸೂಕ್ಷ್ಮ ಲೋಕ. ಈ ಎರಡೂ ಲೋಕಗಳು ಬಾಲಕನಲ್ಲಿ ಕೂಡಿದವು. ಹನ್ನೆರಡನೆಯ ವಯಸ್ಸಿನಲ್ಲಿ ಅವನು ತನ್ನ ಮೊದಲ ಕೋವಿಯನ್ನು ಮಾಡಿದನು. ತಂದೆ ಕೊಟ್ಟ ಹಳೆಯ ಕುದುರೆಸವಾರನ ಪಿಸ್ತೂಲಿನ ನಳಿಗೆ, ಅಣ್ಣ ಕೆತ್ತಿಕೊಟ್ಟ ಮರದ ಹಿಡಿ, ಅರ್ಧ ಪೆನ್ನಿಯ ನಾಣ್ಯವನ್ನು ಬಡಿದು ಮಾಡಿದ ಮದ್ದಿನ ಬಟ್ಟಲು. ಹಾರಿಸಿದಾಗ ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಅದರಿಂದ ಹುಡುಗನ ಆಸೆ ಕುಗ್ಗುವ ಬದಲು ಹೆಚ್ಚಿತು. ಎಂದಿಗೋ ಯಾವುದಕ್ಕೋ ಮಾಡಿದ ಭಾಗಗಳನ್ನು ಒಟ್ಟಿಗೆ ಜೋಡಿಸಿದರೆ ಅವು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲವೆಂಬ ಪಾಠವನ್ನು ಅವನು ಇಷ್ಟು ಬೇಗನೆ ಕಲಿತನೆನ್ನಬೇಕು.

ಹತ್ತೊಂಬತ್ತರ ವಯಸ್ಸಿಗೆ ಅವನು ಚಾಥಮ್ ಎಂಬ ಊರಿನಲ್ಲಿ ಸ್ವಂತ ಗಡಿಯಾರದ ಅಂಗಡಿ ತೆರೆದನು. 1852ರಲ್ಲಿ ಕ್ಯಾರೊಲಿನ್ ಎಂಬುವಳನ್ನು ಮದುವೆಯಾದನು. ಕೆಲವು ವರ್ಷಗಳ ತರುವಾಯ ಗಡಿ ದಾಟಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತಕ್ಕೆ ಹೋದನು. ಹಗಲೆಲ್ಲ ಗಡಿಯಾರದ ದುರಸ್ತಿ, ಉಳಿದ ಹೊತ್ತಿನಲ್ಲಿ ಕೋವಿಯ ಚಿಂತೆ. ಆಗ ಸೈನ್ಯಗಳಲ್ಲಿದ್ದದ್ದು ಬಾಯಿಂದ ಮದ್ದು ತುಂಬಿ ಗಜದಿಂದ ಗಿಡಿಯುವ ಬಂದೂಕು. ನಮ್ಮ ಹಳ್ಳಿಗಳ ಕೇಪಿನ ಕೋವಿಯನ್ನು ಕಂಡವರಿಗೆ ಅದರ ಪರಿಚಯ ಬೇರೆ ಬೇಕಿಲ್ಲ. ಹಿಂಬದಿಯಿಂದ ತೋಟಾ ಹಾಕುವ ಉಪಾಯಕ್ಕೆ ಲೀ 1862ರಲ್ಲಿ ಹಕ್ಕುಪತ್ರ ಪಡೆದನು. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲವದು. ಹೊಸ ಬಂದೂಕುಗಳಿಗೆ ಸರಕಾರವು ಬಾಯಿಬಿಟ್ಟು ಕಾದಿತ್ತು.

ಅವನಿಗೆ ಸರಕಾರದಿಂದ ಒಂದು ಸಾವಿರ ಕಾರ್ಬೈನುಗಳ ಗುತ್ತಿಗೆಯೂ ದೊರೆಯಿತು. ಮಿಲ್ವಾಕಿ ನಗರದಲ್ಲಿ ಪಾಲುದಾರರನ್ನು ಕೂಡಿಸಿ ಕಂಪನಿ ಕಟ್ಟಿದನು. ಅಷ್ಟರಲ್ಲಿ ವಿಪತ್ತು ಬಂದೆರಗಿತು. ತಯಾರಾದ ಕಾರ್ಬೈನುಗಳ ನಳಿಗೆಯ ಅಳತೆ ಹೊಂದುವುದಿಲ್ಲವೆಂದು ಸರಕಾರವು ಮಾಲನ್ನು ನಿರಾಕರಿಸಿತು. ವ್ಯತ್ಯಾಸವಾದರೂ ಎಷ್ಟು? ಒಂದು ಅಂಗುಲದ ನೂರರಲ್ಲಿ ಎರಡು ಪಾಲು. 1865ರಲ್ಲಿ ಯುದ್ಧವೂ ಮುಗಿದುಹೋಯಿತು. ಉಳಿದ ಭಾಗಗಳನ್ನು ಜೋಡಿಸಿ ಬೇಟೆಯ ರೈಫಲ್ಲುಗಳನ್ನಾಗಿ ಮಾಡಿ ಮಾರಲು ಯತ್ನಿಸಿದರಾದರೂ ಕಂಪನಿ ಉಳಿಯಲಿಲ್ಲ. ಸೈನ್ಯಕ್ಕೆಂದು ಹುಟ್ಟಿದ ಬಂದೂಕನ್ನು ಶಿಕಾರಿಯ ಬಂದೂಕನ್ನಾಗಿ ಮಾರ್ಪಡಿಸುವ ಕೆಲಸ ಲೀಯ ಜೀವನದಲ್ಲಿ ಹೀಗೆ ಆರಂಭದಲ್ಲೇ, ಹೊಟ್ಟೆಪಾಡಿನ ಒತ್ತಾಯದಿಂದ, ಬಂದುಬಿಟ್ಟಿತು. ಅವನ ಹೆಸರಿನ ಬಂದೂಕುಗಳಿಗೆ ಮುಂದೆ ಲೋಕದಾದ್ಯಂತ ಇದೇ ಗತಿ ಒದಗುವುದಿತ್ತು.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳನ್ನು ವಿವರಿಸುವ ಅಗತ್ಯವಿಲ್ಲ. ನ್ಯೂಯಾರ್ಕ್ ಪ್ರಾಂತದ ಇಲಿಯನ್ ಎಂಬಲ್ಲಿ ಪ್ರಸಿದ್ಧವಾದ ರೆಮಿಂಗ್ಟನ್ ಕಾರ್ಖಾನೆಯ ಆಶ್ರಯ, ಹಕ್ಕುಪತ್ರದ ಮೇಲೆ ಹಕ್ಕುಪತ್ರ, ಸರಕಾರದ ಪರೀಕ್ಷೆಗಳು, ಪರೀಕ್ಷೆಯಲ್ಲಿ ಮೆಚ್ಚುಗೆ, ಕೊನೆಗೆ ಬರಿಗೈ. 1875ರಲ್ಲಿ ಅವನ ಒಂಟಿ ತೋಟಾದ ಬಂದೂಕುಗಳು ಕೆಲವನ್ನು ಸ್ಪ್ರಿಂಗ್‌ಫೀಲ್ಡಿನ ಸರಕಾರಿ ಕಾರ್ಖಾನೆ ಮಾಡಿತು, ಅಷ್ಟಕ್ಕೇ ನಿಂತಿತು. ನಲವತ್ತೆಂಟು ವರ್ಷ ತುಂಬುವ ತನಕ ಲೀಯ ಹೆಸರು ಬಲ್ಲವರೆಂದರೆ ಹಕ್ಕುಪತ್ರದ ಕಚೇರಿಯ ಗುಮಾಸ್ತರು ಮಾತ್ರ ಎಂದರೆ ತಪ್ಪಾಗದು.

1879ರ ನವೆಂಬರ್ 4ರಂದು ಅವನಿಗೆ ದೊರೆತ ಹಕ್ಕುಪತ್ರವು ಈ ಸ್ಥಿತಿಯನ್ನು ಬದಲಿಸಿತು. ಅದು ತೋಟಾಪೆಟ್ಟಿಗೆಯ ಹಕ್ಕುಪತ್ರ. ಇದಕ್ಕೆ ಇಂಗ್ಲಿಷಿನಲ್ಲಿ ಮ್ಯಾಗಝೀನ್ ಎನ್ನುವರು. ಪತ್ರಿಕೆಗೂ ತೋಟಾಪೆಟ್ಟಿಗೆಗೂ ಒಂದೇ ಹೆಸರು ಬಂದುದೇಕೆಂದು ವಾಚಕರು ಕೇಳಬಹುದು. ಮೂಲವು ಉಗ್ರಾಣವೆಂಬ ಅರ್ಥದ ಅರಬ್ಬೀ ಶಬ್ದ. ಮದ್ದುಗುಂಡಿನ ಉಗ್ರಾಣಕ್ಕೆ ಆ ಹೆಸರು ಮೊದಲು ಬಂದಿತು. 1731ರಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯು ತನ್ನನ್ನು ಲೇಖನಗಳ ಉಗ್ರಾಣವೆಂದು ಕರೆದುಕೊಂಡಿತು. ಹಾಗಾಗಿ ಹೆಸರಿನ ಮಟ್ಟಿಗೆ ನಾವು ಪತ್ರಿಕೆಯವರು ಬಂದೂಕಿನವರಿಂದ ಕಡ ತಂದವರು.

ಲೀಗಿಂತ ಮೊದಲೂ ಹಲವು ತೋಟಾ ಹಿಡಿಯುವ ಬಂದೂಕುಗಳಿದ್ದವು. ಅವುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿಯೋ ಹಿಡಿಯ ಒಳಗಿನ ಕೊಳವೆಯಲ್ಲಿಯೋ ಒಂದರ ಹಿಂದೊಂದು ಮಲಗುತ್ತಿದ್ದವು. ಒಂದೊಂದು ತೋಟಾ ಹಾರಿದಂತೆ ಬಂದೂಕಿನ ತೂಕ ಹಿಂದುಮುಂದಾಗುವುದು. ಬರಿದಾದ ಕೊಳವೆಯನ್ನು ಮತ್ತೆ ತುಂಬಲು ಹೊತ್ತು ಹಿಡಿಯುವುದು. ಒಂದರ ಮೂತಿ ಇನ್ನೊಂದರ ಬುಡದ ಕೇಪಿಗೆ ತಾಗಿಕೊಂಡಿರುವುದರಿಂದ ಚೂಪಾದ ಗುಂಡನ್ನು ಬಳಸಿದರೆ ಅಪಾಯವೂ ಇತ್ತು. ಲೀ ತೋಟಾಗಳನ್ನು ಒಂದರ ಮೇಲೊಂದಾಗಿ ಪೇರಿಸಿದನು. ತಗಡಿನ ಪೆಟ್ಟಿಗೆ, ಅದರ ತಳದಲ್ಲಿ ಸ್ಪ್ರಿಂಗು, ಸ್ಪ್ರಿಂಗಿನ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ತೋಟಾಗಳು. ಪೆಟ್ಟಿಗೆಯನ್ನು ಟ್ರಿಗರಿನ ಮುಂದೆ ಅಗಣಿಯ ಕೆಳಗೆ ಸಿಕ್ಕಿಸಬೇಕು. ಅಗಣಿಯನ್ನು ಹಿಂದಕ್ಕೆಳೆದರೆ ಮೇಲಿನ ತೋಟಾ ತಲೆಯೆತ್ತುವುದು. ಮುಂದಕ್ಕೆ ತಳ್ಳಿದರೆ ಅದು ನಳಿಗೆಯ ಗೂಡಿಗೆ ಹೋಗಿ ಕೂರುವುದು. ಬರಿದಾದರೆ ಪೆಟ್ಟಿಗೆಯನ್ನೇ ಕಳಚಿ ತುಂಬಿದ ಪೆಟ್ಟಿಗೆಯನ್ನು ಹಾಕಬಹುದು. ಗಡಿಯಾರಗಾರನ ಮಗನಿಗಲ್ಲದೆ ಈ ಯೋಚನೆ ಹೊಳೆಯುತ್ತಿತ್ತೇ ಎಂದು ನನಗೆ ಅನೇಕ ಸಲ ಅನಿಸಿದೆ. ಸುತ್ತಿದ ಸ್ಪ್ರಿಂಗಿನ ಶಕ್ತಿಯನ್ನು ಒಮ್ಮೆಗೇ ಬಿಡದೆ, ಹಲ್ಲಿನ ಲೆಕ್ಕದಲ್ಲಿ ಒಂದೊಂದಾಗಿ ಬಿಡುವುದೇ ತಾನೆ ಗಡಿಯಾರದ ಮರ್ಮ!

ತೋಟಾಗಳನ್ನು ಒಂದೊಂದಾಗಿ ಬಿಡುವುದು ಪೆಟ್ಟಿಗೆಯ ತುಟಿಗಳ ಕೆಲಸ. ಪೆಟ್ಟಿಗೆಯ ಬಾಯಿಯ ಎರಡು ಬದಿಯ ತಗಡು ಒಳಕ್ಕೆ ಸ್ವಲ್ಪ ಬಾಗಿರುತ್ತದೆ. ಸ್ಪ್ರಿಂಗು ಮೇಲಕ್ಕೆ ನೂಕಿದ ತೋಟಾವನ್ನು ತಡೆದು ಹಿಡಿಯುವುದು ಅದೇ. ತುಟಿ ಹೆಚ್ಚು ಬಿಗಿಯಾದರೆ ಅಗಣಿ ತಳ್ಳಿದರೂ ತೋಟಾ ಹೊರಬಾರದು. ಸಡಿಲವಾದರೆ ಹೊತ್ತಿಗೆ ಮೊದಲೇ ಚಿಮ್ಮಿ ಮೂತಿ ಮೇಲಾಗಿ ಗೂಡಿನ ಅಂಚಿಗೆ ಬಡಿದು ನಿಲ್ಲುವುದು. ಲೀಯ ಮೊದಲ ಮಾದರಿಯಲ್ಲಿ ಈ ಹಿಡಿತದ ಸ್ವಲ್ಪ ಭಾಗವು ಪೆಟ್ಟಿಗೆಯಲ್ಲಿರದೆ ಬಂದೂಕಿನಲ್ಲಿತ್ತು. ಆದಕಾರಣ ಪೆಟ್ಟಿಗೆಯನ್ನು ಕಳಚಿದಾಗ ತೋಟಾಗಳು ನಿಲ್ಲುವುದು ಕಷ್ಟವಾಗುತ್ತಿತ್ತು. ರೆಮಿಂಗ್ಟನ್ ಕಾರ್ಖಾನೆಯ ಡಿಸ್ ಎಂಬ ಕುಶಲಿಯು 1880ರ ದಶಕದಲ್ಲಿ ಈ ದೋಷವನ್ನು ತಿದ್ದಿದನು. ಕೀರ್ತಿಯೆಲ್ಲ ಒಬ್ಬನಿಗೇ ಸಲ್ಲುವುದಿಲ್ಲವೆಂಬುದಕ್ಕೆ ಇದನ್ನು ಹೇಳಿದೆ.

ಮೊದಲು ಮಾಡಲು ಒಪ್ಪಿದ ಷಾರ್ಪ್ಸ್ ಕಂಪನಿಯು ಅರ್ಧದಲ್ಲೇ ಬಾಗಿಲು ಮುಚ್ಚಿತು. ಕೆಲಸವನ್ನು ರೆಮಿಂಗ್ಟನ್ನರು ವಹಿಸಿಕೊಂಡರು. 1886ರಲ್ಲಿ ಅವರೂ ದಿವಾಳಿಯ ಅಂಚಿಗೆ ಬಂದರು. ಅಮೆರಿಕದ ನೌಕಾಪಡೆ ಕೆಲವನ್ನು, ಚೀನಾ ದೇಶ ಕೆಲವನ್ನು ಕೊಂಡವು. ಅಮೆರಿಕದ ಭೂಸೇನೆ ಒಲಿಯಲಿಲ್ಲ. ಕೊನೆಗೆ ಕೈಹಿಡಿದದ್ದು ಲೀ ಐದನೆಯ ವಯಸ್ಸಿನಲ್ಲಿ ಬಿಟ್ಟುಬಂದ ಬ್ರಿಟನ್ನು. ವರ್ಷಗಟ್ಟಲೆ ನಡೆದ ಪರೀಕ್ಷೆಗಳಲ್ಲಿ ಹಲವರ ಬಂದೂಕುಗಳನ್ನು ಮಣ್ಣಿನಲ್ಲಿ ಹೊರಳಿಸಿ, ತುಕ್ಕು ಹಿಡಿಸಿ, ಹಾರಿಸಿ ನೋಡಿದ ಮೇಲೆ ಬ್ರಿಟಿಷ್ ಸರಕಾರವು 1888ರ ಡಿಸೆಂಬರಿನಲ್ಲಿ ಲೀಯ ಅಗಣಿ ಮತ್ತು ಪೆಟ್ಟಿಗೆಯನ್ನು, ಮೆಟ್‌ಫರ್ಡನ ನಳಿಗೆಗೆ ಕೂಡಿಸಿ, ತನ್ನ ಸೇನೆಯ ರೈಫಲ್ಲಾಗಿ ಅಂಗೀಕರಿಸಿತು. ಲೀ-ಮೆಟ್‌ಫರ್ಡ್ ಎಂದರೆ ಇದೇ. ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದ ತರುವಾಯ ಮೆಟ್‌ಫರ್ಡನ ನಳಿಗೆ ಬೇಗ ಸವೆಯತೊಡಗಿತು. 1895ರಲ್ಲಿ ಎನ್‌ಫೀಲ್ಡಿನವರು ಆಳವಾದ ಗೆರೆಗಳ ನಳಿಗೆ ಮಾಡಿದರು. ಮೆಟ್‌ಫರ್ಡನ ಹೆಸರು ಹೋಯಿತು, ಎನ್‌ಫೀಲ್ಡ್ ಬಂದಿತು, ಲೀ ಉಳಿದನು.

ಪೆಟ್ಟಿಗೆಯನ್ನು ಅಂಗೀಕರಿಸಿದರೂ ಅದನ್ನು ನಂಬಲು ಸೇನಾಧಿಕಾರಿಗಳಿಗೆ ಮನಸ್ಸು ಬರಲಿಲ್ಲವೆಂಬುದು ಒಂದು ವಿನೋದ. ಸಿಪಾಯಿಯ ಕೈಗೆ ಒಮ್ಮೆಗೇ ಎಂಟು ತೋಟಾ ಕೊಟ್ಟರೆ ಅವನು ದುಂದು ಮಾಡಿಯಾನೆಂಬ ಭಯ. ಆದ್ದರಿಂದ ಪೆಟ್ಟಿಗೆಯ ಮೇಲೆ ಅಡ್ಡಲಾಗಿ ಜರುಗಿಸುವ ಒಂದು ತಗಡನ್ನಿಟ್ಟರು. ಸಾಮಾನ್ಯ ಹೊತ್ತಿನಲ್ಲಿ ತಗಡನ್ನು ಮುಚ್ಚಿ ಒಂದೊಂದೇ ತೋಟಾ ಕೈಯಿಂದ ಹಾಕಬೇಕು. ಆಪತ್ತಿನಲ್ಲಿ ಮಾತ್ರ ತಗಡನ್ನೆಳೆದು ಪೆಟ್ಟಿಗೆಯನ್ನು ಬಳಸಬೇಕು. ಪೆಟ್ಟಿಗೆ ಎಲ್ಲಿ ಕಳೆದುಹೋದೀತೋ ಎಂದು ಅದನ್ನು ಸಣ್ಣ ಕೊಂಡಿಯಿಂದ ಬಂದೂಕಿಗೇ ಕಟ್ಟಿದರು. ಕಳಚಬಹುದೆಂಬುದೇ ಲೀಯ ಹೆಚ್ಚುಗಾರಿಕೆ. ಅದನ್ನೇ ಸರಪಳಿ ಹಾಕಿ ಕಟ್ಟಿಹಾಕಿದರು! ಮುಂದೆ ಎಂಟು ತೋಟಾಗಳ ಒಂಟಿಸಾಲು ಹೋಗಿ ಹತ್ತು ತೋಟಾಗಳ ಇಕ್ಕೆಲದ ಸಾಲು ಬಂದಿತು. ಮೇಲಿನಿಂದ ಐದೈದು ತೋಟಾಗಳನ್ನು ಒಮ್ಮೆಗೇ ಇಳಿಸುವ ಪಟ್ಟಿಯೂ ಬಂದಿತು.

ಪೆಟ್ಟಿಗೆಯ ಎಲ್ಲ ಗುಣದೋಷಗಳ ಗುಟ್ಟು ಥ್ರೀ ನಾಟ್ ಥ್ರೀ ತೋಟಾದ ಬುಡದಲ್ಲಿದೆ. ಆ ಬುಡಕ್ಕೆ ಹೊರಚಾಚಿದ ಅಂಚುಂಟು. ನಳಿಗೆಯ ಗೂಡಿನಲ್ಲಿ ತೋಟಾ ಇನ್ನೂ ಒಳಕ್ಕೆ ಜಾರದಂತೆ ತಡೆಯುವುದು ಆ ಅಂಚೇ; ಸಿಡಿದ ಕೊಪ್ಪೆಯನ್ನು ಹಿಡಿದು ಹೊರಗೆಳೆಯಲೂ ಅದೇ ಆಸರೆ. ಆದರೆ ಪೆಟ್ಟಿಗೆಯಲ್ಲಿ ಪೇರಿಸುವಾಗ ಅದು ತಂಟೆಕೋರ. ಬುಡ ದಪ್ಪ, ಮೈ ಸಪೂರವಾದ್ದರಿಂದ ತೋಟಾಗಳ ಸಾಲು ನೆಟ್ಟಗೆ ನಿಲ್ಲದೆ ಬೀಸಣಿಗೆಯಂತೆ ಬಾಗುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಕೆಟ್ಟಿತು: ಅಗಣಿ ಮೇಲಿನದನ್ನು ತಳ್ಳಿದಾಗ ಅದು ಕೆಳಗಿನದನ್ನೂ ಎಳೆದುಕೊಂಡು ಹೋಗಿ ಎರಡೂ ಬಾಗಿಲಲ್ಲಿ ಸಿಕ್ಕಿಬೀಳುತ್ತವೆ. ಹಳೆಯ ಪೊಲೀಸರೂ ಸಿಪಾಯಿಗಳೂ ಪೆಟ್ಟಿಗೆ ತುಂಬುವಾಗ ಒಂದೊಂದು ತೋಟಾವನ್ನೂ ಹೆಬ್ಬೆರಳಿನಿಂದ ಹಿಂದಕ್ಕೊತ್ತಿ ಕೂರಿಸುತ್ತಿದ್ದುದು, ಕೆಳಗಿನದು ಹಿಂದೆ ಉಳಿಯಲೆಂದು. ಸೈನ್ಯದ ಆಯುಧಶಾಲೆಯ ಮೇಸ್ತ್ರಿಯು ಪೆಟ್ಟಿಗೆಗಳನ್ನು ಆಯಾ ಬಂದೂಕಿಗೆ ಹಾಕಿ ಪರೀಕ್ಷಿಸಿ ತುಟಿಗಳನ್ನು ತಿದ್ದಿಕೊಡುತ್ತಿದ್ದನು. ಒಂದು ಬಂದೂಕಿನ ಪೆಟ್ಟಿಗೆ ಇನ್ನೊಂದಕ್ಕೆ ಸಿಕ್ಕಿಕೊಂಡರೂ ನಡೆದೇ ನಡೆಯುವುದೆಂಬ ಭರವಸೆಯಿರಲಿಲ್ಲ. ಹೊರನೋಟಕ್ಕೆ ಅವಳಿಜವಳಿಯಾದರೂ ಅವು ಒಂದೊಂದೂ ತನ್ನ ಮನೆಗೆ ಒಗ್ಗಿದ ಸೊಸೆಯಂತೆ.

ಸೇನೆಗೆ ಹೊರತಾಗಿ ಶಿಕಾರಿಗಳಿಗೂ ಈ ಬಂದೂಕು ಹಿಡಿಸಿತು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಮೊದಲಾದ ಕಂಪನಿಗಳು ಲೀ-ಸ್ಪೀಡ್ ಎಂಬ ಹೆಸರಿನಲ್ಲಿ ಹಗುರಾದ ಬೇಟೆಯ ರೈಫಲ್ಲುಗಳನ್ನು ಮಾಡಿ ಭಾರತಕ್ಕೆ ಬರುವ ಅಧಿಕಾರಿಗಳಿಗೂ ತೋಟದ ದೊರೆಗಳಿಗೂ ಮಾರುತ್ತಿದ್ದವು. ಆದರೆ ಭಾರತದಲ್ಲಿ ಸರಕಾರಕ್ಕೆ ಬೇರೊಂದು ಭಯ ಹುಟ್ಟಿತು. ಸೈನ್ಯದ ತೋಟಾ ಜನರ ಬಂದೂಕಿಗೂ ಹೊಂದುವುದಾದರೆ ಕದ್ದ ತೋಟಾ ಎಲ್ಲಿಯಾದರೂ ಸಿಡಿದೀತು. ಆದ್ದರಿಂದ ಸೈನ್ಯದ ಅಳತೆಗಳನ್ನು ಜನಸಾಮಾನ್ಯರಿಗೆ ನಿಷೇಧಿಸಿದರು. ಕಂಪನಿಗಳು ಸುಮ್ಮನಿರಲಿಲ್ಲ. ಆಸ್ಟ್ರಿಯಾ ದೇಶದ ಮ್ಯಾನ್‌ಲಿಕರ್ ತೋಟಾವನ್ನು ಅದೇ ಲೀ ಅಗಣಿಗೆ ಹೊಂದಿಸಿ .315 ಎಂಬ ಹೆಸರಿನಲ್ಲಿ ತಂದರು. ಸ್ವತಂತ್ರ ಭಾರತದ ಆಯುಧ ಕಾನೂನಿನಲ್ಲಿಯೂ ಥ್ರೀ ನಾಟ್ ಥ್ರೀ ನಿಷಿದ್ಧ ಅಳತೆ; .315ಕ್ಕೆ ಪರವಾನಗಿ ಸಿಗುವುದು. ಬಂಗಾಳದ ಈಶಾಪುರದ ಸರಕಾರಿ ರೈಫಲ್ ಕಾರ್ಖಾನೆ ಆ ಅಳತೆಯ ರೈಫಲ್ಲುಗಳನ್ನು ಮಾಡಿ ಮಾರುತ್ತ ಬಂದಿದೆ. ನಮ್ಮ ತೊಗರಿಯ ಸೀಮೆಯಲ್ಲಿರಲಿ, ಪರವಾನಗಿಯಿಂದಲೇ ವಿನಾಯತಿ ಪಡೆದ ಕೊಡವರ ನಾಡಿನಲ್ಲಿರಲಿ, ಈ ರೈಫಲ್ಲನ್ನು ಹಿಡಿದವನು ತಿಳಿದೋ ತಿಳಿಯದೆಯೋ ಲೀಯ ಅಗಣಿಯನ್ನೇ ಹಿಡಿದಿರುತ್ತಾನೆ.

ತೋಟಾ ಬದಲಾದೊಡನೆ ಪೆಟ್ಟಿಗೆಯ ಕಷ್ಟಗಳೂ ಎದ್ದುವು. ಥ್ರೀ ನಾಟ್ ಥ್ರೀಯ ಕೊಪ್ಪೆ ಸುಮಾರು 56 ಮಿಲಿಮೀಟರು ಉದ್ದ; .315ರದು ಸುಮಾರು 50. ಬುಡದ ಅಂಚಾದರೋ ಕೂದಲೆಳೆಯಷ್ಟು ಹೆಚ್ಚು ಅಗಲ. ಒಂದಕ್ಕೆಂದು ಮಾಡಿದ ಪೆಟ್ಟಿಗೆಯಲ್ಲಿ ಇನ್ನೊಂದನ್ನು ತುಂಬಿದರೆ, ಪ್ರತಿ ಈಡಿನ ಒದೆತಕ್ಕೂ ತೋಟಾಗಳು ಒಳಗೆ ಹಿಂದುಮುಂದು ಜರುಗಿ ಅಂಚುಗಳ ಕ್ರಮ ತಪ್ಪಿಹೋಗಬಹುದು. ಆದುದರಿಂದ ಕಾರ್ಖಾನೆಗಳು ಈ ರೈಫಲ್ಲಿಗೆ ಐದು ತೋಟಾಗಳ ಬೇರೆ ಪೆಟ್ಟಿಗೆಯನ್ನೇ ಕೊಟ್ಟವು. ಇದನ್ನರಿಯದೆ ಹಳೆಯ ಸೈನಿಕ ಬಂದೂಕಿನ ಮರ ಕೊಯ್ದು, ನಳಿಗೆ ಮೊಟಕು ಮಾಡಿ, ಕೈಗೆ ಸಿಕ್ಕಿದ ಪೆಟ್ಟಿಗೆ ತಗುಲಿಸಿ ಬೇಟೆಯ ರೈಫಲ್ಲೆಂದು ಮಾರಿದ ವ್ಯಾಪಾರಿಗಳು ಲೋಕದ ಎಲ್ಲ ಕಡೆಯೂ ಇದ್ದರು. ಎರಡು ಮಹಾಯುದ್ಧಗಳ ತರುವಾಯ ಇಂಗ್ಲೆಂಡು, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಇದೊಂದು ದೊಡ್ಡ ಉದ್ಯಮವೇ ಆಯಿತು. ಹೊರಗಿನ ಹೊಳಪನ್ನು ನೋಡಿ ಕೊಂಡವರು ಪೆಟ್ಟಿಗೆಯ ಬಾಯನ್ನು ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಹಿಡಿದಿರುವ ಕೊಂಡಿ ಸವೆದು ಅದು ಸ್ವಲ್ಪವೇ ಕೆಳಗೆ ಕುಳಿತರೂ ಅಗಣಿಯು ತೋಟಾದ ತಲೆಯ ಮೇಲೆ ಹಾದುಹೋಗಿ ಬರಿದಾದ ಗೂಡನ್ನು ಮುಚ್ಚುತ್ತದೆ. ಟ್ರಿಗರನ್ನೊತ್ತಿದರೆ ಟಿಕ್ ಎಂಬ ಶಬ್ದ ಮಾತ್ರ. ಎದುರಿಗಿರುವುದು ಗುರಿಹಲಗೆಯಾದರೆ ನಗಬಹುದು. ಮೃಗವಾದರೆ ನಗುವ ಅವಕಾಶವಿಲ್ಲ.

ಗುಂಡಿನ ಮೂತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸೈನ್ಯದ ಗುಂಡಿಗೆ ಗಟ್ಟಿಲೋಹದ ಹೊದಿಕೆ. ಅದು ಗೂಡಿನ ಇಳಿಜಾರಿನ ಮೇಲೆ ಎಣ್ಣೆ ಸವರಿದಂತೆ ಜಾರುತ್ತದೆ. ಬೇಟೆಯ ಗುಂಡಿಗೆ ಮೂತಿಯಲ್ಲಿ ಮೆತ್ತನೆಯ ಸೀಸ ಬಯಲಾಗಿರುತ್ತದೆ; ಅಂಚಿಗೆ ತಗುಲಿದರೆ ಅದು ಜಜ್ಜಿಹೋಗಿ ಅಲ್ಲಿಯೇ ನಿಲ್ಲಬಹುದು. ಮೆತ್ತನೆ ಮೂತಿಯ ಥ್ರೀ ನಾಟ್ ಥ್ರೀ ಗುಂಡನ್ನು 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿಯೇ ತಯಾರಿಸಿದರೆಂಬುದೂ, ಯುದ್ಧದಲ್ಲಿ ಅಂಥ ಗುಂಡು ಸಲ್ಲದೆಂದು 1899ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಘೋಷಿಸಿದವೆಂಬುದೂ ಚರಿತ್ರೆಯ ಮಾತು. ಬೇಟೆಗಾರನು ಮಾತ್ರ ಅದನ್ನು ಬಿಡಲಿಲ್ಲ. ಪ್ರಾಣಿ ನರಳದೆ ಬೀಳಲೆಂಬುದು ಅವನ ವಾದ. ಹೀಗೆ ಒಂದು ಗುಂಡಿಗೆಂದು ರೂಪಿಸಿದ ಪೆಟ್ಟಿಗೆಯು ಬೇರೆ ಗುಂಡನ್ನು ಉಣಿಸಬೇಕಾಗಿ ಬಂತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಶಿಕಾರಿಯ ಅಧ್ಯಾಯವನ್ನೇ ಮುಚ್ಚಿತು. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ. ಆಗಿಹೋದ ಕಾಲದ ಆ ಚರ್ಚೆಗಳು ಈಗ ಗುರಿಹಲಗೆಯ ಮುಂದೆಯೇ ನಡೆಯಬೇಕು.

ಲೀ ಈ ಮಾರ್ಪಾಟುಗಳಲ್ಲಿ ಹೆಚ್ಚಿನವನ್ನು ಕಾಣಲಿಲ್ಲ. ಮುಪ್ಪಿನಲ್ಲಿಯೂ ಅವನ ಕೈ ಸುಮ್ಮನಿರಲಿಲ್ಲ. 1895ರಲ್ಲಿ ಅಮೆರಿಕದ ನೌಕಾಪಡೆಗೆ ಆರು ಮಿಲಿಮೀಟರಿನ ಹೊಸ ರೈಫಲ್ಲೊಂದನ್ನು ರೂಪಿಸಿದನು. ವಿಂಚೆಸ್ಟರ್ ಕಂಪನಿ ಅದನ್ನು ಮಾಡಿತು. ಅಗಣಿಯನ್ನು ತಿರುವದೆ ನೇರವಾಗಿ ಎಳೆದು ತಳ್ಳುವ ಬಂದೂಕದು. ಕಳಚುವ ಪೆಟ್ಟಿಗೆಯ ಜನಕನಾದ ಲೀ ಇದರಲ್ಲಿ ಬಂದೂಕಿಗೇ ಅಂಟಿದ ಪೆಟ್ಟಿಗೆಯನ್ನಿಟ್ಟನೆಂಬುದು ಸೋಜಿಗ. ಅದು ಬಹುಕಾಲ ಬಾಳಲಿಲ್ಲ. 1904ರ ಫೆಬ್ರುವರಿ 24ರಂದು ಕನೆಕ್ಟಿಕಟ್ ಪ್ರಾಂತದ ಷಾರ್ಟ್ ಬೀಚ್ ಎಂಬ ಕಡಲತಡಿಯ ಊರಿನಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಈಶಾಪುರದ ರೈಫಲ್ ಕಾರ್ಖಾನೆ ಸ್ಥಾಪಿತವಾದದ್ದೂ ಅದೇ ವರ್ಷ. ಆ ಇಬ್ಬರಿಗೂ ಪರಸ್ಪರ ಪರಿಚಯವಿರಲಾರದು. ಆದರೂ ಲೀಯ ಪೆಟ್ಟಿಗೆಗೆ ಅತ್ಯಂತ ದೀರ್ಘವಾದ ಆಯುಷ್ಯವನ್ನು ಕೊಟ್ಟ ಕಾರ್ಖಾನೆಗಳಲ್ಲಿ ಅದೊಂದು.

ಅವನು ಸತ್ತು ಹತ್ತು ವರ್ಷಕ್ಕೆ ಮೊದಲ ಮಹಾಯುದ್ಧ ಬಂದಿತು. ಬ್ರಿಟಿಷ್ ಸಿಪಾಯಿ ನಿಮಿಷಕ್ಕೆ ಹದಿನೈದು ಈಡನ್ನು ಗುರಿಯಿಟ್ಟು ಹಾರಿಸುವಂತೆ ತರಬೇತಾಗಿದ್ದನು; ಸರಾಗವಾದ ಅಗಣಿ ಮತ್ತು ಹತ್ತು ತೋಟಾಗಳ ಪೆಟ್ಟಿಗೆ ಇಲ್ಲದಿದ್ದರೆ ಅದು ಸಾಧ್ಯವಿರಲಿಲ್ಲ. ಆದರೆ ಲೀಯ ಬಾಲ್ಯದ ನಾಡಾದ ಕೆನಡಾ ತನ್ನ ಸೈನಿಕರಿಗೆ ಬೇರೆ ಬಂದೂಕನ್ನು ಕೊಟ್ಟಿತ್ತು. ಅದು ಸರ್ ಚಾರ್ಲ್ಸ್ ರಾಸ್ ಎಂಬುವನದು. ಬೇಟೆಯಲ್ಲಿ, ಗುರಿಹಲಗೆಯ ಮುಂದೆ, ರಾಸ್ ರೈಫಲ್ಲಿಗೆ ಸರಿಸಾಟಿಯಿಲ್ಲವೆನ್ನುತ್ತಿದ್ದರು. 1915ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಈಪ್ರದ ಕೆಸರಿನಲ್ಲಿ, ವಿಷಾನಿಲದ ನಡುವೆ, ಅದರ ಅಗಣಿ ಬಿಗಿದುಕೊಂಡಿತು. ಅಗಣಿಯನ್ನು ಬೂಟುಗಾಲಿನಿಂದ ಒದ್ದು ತೆರೆಯಬೇಕಾಯಿತು. ಗೂಡು ತೀರ ಬಿಗಿ, ತೋಟಾಗಳ ಅಳತೆಯಲ್ಲಿ ಏರುಪೇರು, ಜೊತೆಗೆ ಮಣ್ಣು. ಸತ್ತುಬಿದ್ದ ಇಂಗ್ಲಿಷ್ ಸಿಪಾಯಿಗಳ ಲೀ-ಎನ್‌ಫೀಲ್ಡುಗಳನ್ನು ಎತ್ತಿಕೊಂಡು ಕೆನಡಾದವರು ಹೋರಾಡಿದರು. 1916ರಲ್ಲಿ ರಾಸ್ ರೈಫಲ್ಲನ್ನು ಅವರ ಕೈಯಿಂದ ತೆಗೆದರು. ಅಳತೆ ತಪ್ಪಿತೆಂದು ಒಮ್ಮೆ ಕಂಪನಿಯನ್ನೇ ಕಳೆದುಕೊಂಡವನ ಬಂದೂಕು, ಅಳತೆಯಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದರಿಂದಲೇ ಇಲ್ಲಿ ಗೆದ್ದಿತು.

ನಮ್ಮ ಸೀಮೆಗೆ ಈ ಬಂದೂಕು ಬಂದ ದಾರಿಯೂ ಸ್ಪಷ್ಟವಾಗಿದೆ. ಗುಂಡಗುರ್ತಿಯ ಹೆಸರಿನಲ್ಲಿ ಗುಂಡಿನ ನೆರಳು ಕಂಡರೂ ಅದಕ್ಕೂ ಇದಕ್ಕೂ ನಂಟು ಕಲ್ಪಿಸಬೇಕಿಲ್ಲ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ರೈಲು ಓಡಿದ ಮೇಲೆ, ಅಲ್ಲಿನ ಬ್ರಿಟಿಷ್ ದಂಡಿನ ಆಯುಧಗಳೂ ನಿಜಾಮನ ಸೇನೆಯ ಆಯುಧಗಳೂ ಈ ನೆಲದ ಮೇಲೆಯೇ ಹಾದುಹೋದವು. 1948ರಲ್ಲಿ ಸಂಸ್ಥಾನದ ಮೇಲೆ ಕವಿದ ಕತ್ತಲಲ್ಲಿ, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿಕನು ಕರಾಚಿಯಿಂದ ರಾತ್ರಿಯ ವೇಳೆ ಹೈದರಾಬಾದಿಗೆ ಕದ್ದು ಆಯುಧಗಳನ್ನು ತಂದಿಳಿಸಿದನು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಚೌಧುರಿಯವರ ಪಡೆಯು ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗ, ಹುಮನಾಬಾದುಗಳ ಮಾರ್ಗವಾಗಿ ಮುನ್ನಡೆಯಿತು. ಐದು ದಿನಗಳಲ್ಲಿ ಎಲ್ಲ ಮುಗಿಯಿತು. ಇಳಿದುಬಂದ ಭಾರತೀಯ ಕಾಲಾಳಿನ ಕೈಯಲ್ಲಿದ್ದದ್ದು ಲೀ-ಎನ್‌ಫೀಲ್ಡು. ಶರಣಾದ ನಿಜಾಮನ ಸಿಪಾಯಿ ಕೆಳಗಿಟ್ಟದ್ದೂ ಅದೇ ಜಾತಿಯ ಬಂದೂಕು. ಒಂದೇ ಅಳತೆಯ ತೋಟಾ, ಒಂದೇ ನಮೂನೆಯ ಪೆಟ್ಟಿಗೆ. ಪಕ್ಷಗಳು ಮಾತ್ರ ಎರಡು. ರಜಾಕಾರರ ಹಾವಳಿಯಲ್ಲಿ ಬೆಂದ ಹಳ್ಳಿಗಳ ನೆನಪಿನಲ್ಲಿ ಆ ಹೆಸರು ಭಯದ್ದೂ ಹೌದು, ಬಿಡುಗಡೆಯದ್ದೂ ಹೌದು.

ಈಶಾಪುರದವರು ಲೀಯ ವಿನ್ಯಾಸದ ಮೇಲೆ ಮಾಡಿದ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. ಒಂದು, ಕಾವಲಿನವರಿಗೆಂದು ಹಳೆಯ ಥ್ರೀ ನಾಟ್ ಥ್ರೀಯನ್ನು ಕೊರೆದು ಮಾಡಿದ .410 ಮಸ್ಕೆಟು. ಪೆಟ್ಟಿಗೆಯಿರುವ ಜಾಗಕ್ಕೆ ಮರದ ತುಂಡನ್ನು ಬಡಿದು ಅದನ್ನು ಒಂಟಿ ತೋಟಾದ ಬಂದೂಕನ್ನಾಗಿ ಮಾಡಿದರು. ಲೀ ಒಂದು ಬಾಳು ಸವೆಸಿ ತೆರೆದ ಬಾಗಿಲಿಗೆ ಬೆಣೆ ಹೊಡೆದಂತಾಯಿತು. ಆದರೆ ಉಣಿಸುವ ತೊಡಕೇ ಇಲ್ಲದ ಬಂದೂಕೆಂದರೆ ಇದೊಂದೇ ಎಂದೂ ಹೇಳಬಹುದು. ಇನ್ನೊಂದು, 1960ರ ದಶಕದಲ್ಲಿ, ಚೀನಾದ ಯುದ್ಧದ ತರುವಾಯ, 7.62 ಮಿಲಿಮೀಟರಿನ ಹೊಸ ತೋಟಾಕ್ಕೆ ಮಾಡಿದ 2ಎ ಮತ್ತು 2ಎ1 ರೈಫಲ್ಲುಗಳು. ಹೊಸ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿಲ್ಲ. ಕಾರ್ಖಾನೆಯವರು ಹಳೆಯ ಪೆಟ್ಟಿಗೆಯನ್ನು ತಿದ್ದಿ ಬಳಸುವ ಮೋಹಕ್ಕೆ ಬೀಳಲಿಲ್ಲ. ಹೆಚ್ಚು ಚಚ್ಚೌಕವಾದ ಬೇರೆ ಪೆಟ್ಟಿಗೆಯನ್ನೇ ಮಾಡಿದರು. ಸಿಕ್ಕಿದ ಪೆಟ್ಟಿಗೆಯನ್ನು ಸಿಕ್ಕಿದ ತೋಟಾಕ್ಕೆ ಗಂಟುಹಾಕುತ್ತಿದ್ದ ವ್ಯಾಪಾರಿಗಳ ಪಕ್ಕದಲ್ಲಿ ಈ ವಿವೇಕವನ್ನಿಟ್ಟು ನೋಡಬೇಕು.

ಪೊಲೀಸರ ಕೈಯಲ್ಲಿ ಥ್ರೀ ನಾಟ್ ಥ್ರೀ ಇಪ್ಪತ್ತೊಂದನೆಯ ಶತಮಾನದವರೆಗೂ ಉಳಿಯಿತು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಹೊಸಕಾಲದ ಬಂದೂಕುಗಳ ಎದುರು ನಿಂತ ಪೊಲೀಸರ ಬಳಿ ಇದ್ದದ್ದು ಇವೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯದಿನದ ಕವಾಯತಿನಲ್ಲಿ ಇದಕ್ಕೆ ವಿಧಿಪೂರ್ವಕವಾಗಿ ಬೀಳ್ಕೊಡುಗೆ ಕೊಟ್ಟರು. ಹಳೆಯ ರೈಫಲ್ಲುಗಳ ಅಗಣಿಯ ಹಿಂಬದಿ, ಹಿಡಿಯ ಕೊರಳಿನ ಬಳಿ, ಉಕ್ಕಿನ ಪಟ್ಟಿಯ ಮೇಲೆ ಕಿರೀಟದ ಗುರುತೂ ಅದರ ಕೆಳಗೆ ಕೆಲವು ಇಂಗ್ಲಿಷ್ ಅಕ್ಷರಗಳೂ ಕೆತ್ತಿರುತ್ತವೆ. ಅವುಗಳಲ್ಲಿ ಎಲ್ ಎಂಬ ಅಕ್ಷರ ಲೀಯದು. ಇ ಎಂಬುದು ಎನ್‌ಫೀಲ್ಡಿನದು. ಈಶಾಪುರದ 2ಎ1ರ ಮೇಲೆ ಕಾರ್ಖಾನೆಯ ಹೆಸರಿನ ಆರ್.ಎಫ್.ಐ. ಎಂಬ ಅಕ್ಷರಗಳೂ ತಯಾರಾದ ವರ್ಷವೂ ಇವೆ.